ತಾಮ್ರದ ಚೀಟಿ: ಕ್ವಿಜ್‌ನಲ್ಲಿ ನನ್ನ ಅನುಭವ

ಮೂರು ವರ್ಷ ಒಂದೇ ಒಂದು ಫೈನಲ್‌ಗೂ ಹೋಗದೆ ವಾಪಸ್ ಬಂದವನು ನಾನು. ಕಳೆದ ಒಂದೂವರೆ ವರ್ಷದಲ್ಲಿ ನಮ್ಮ ತಂಡದವರು ಹದಿನಾಲ್ಕೋ ಹದಿನೈದೋ ಕ್ವಿಜ್ ಆಡಿದ್ದೇವೆ. ಒಂಬತ್ತರಲ್ಲಿ ಫೈನಲ್‌ಗೆ ವೇದಿಕೆ ಹತ್ತಿದೆವು, ನಾಲ್ಕು ಗೆದ್ದೆವು. "ಹೀಗೆಲ್ಲ ಓದಿದ್ರೆ ಆಗಲ್ಲ ಬಿಡೋ" ಅಂದಿದ್ದ ಗೆಳೆಯರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಮೂರು ವರ್ಷ ಎಲ್ಲರ ಹಾಗೆ ದಪ್ಪ ದಪ್ಪ ಇಯರ್‌ಬುಕ್ ತಂದು ರಾಜಧಾನಿ, ನಾಣ್ಯ, ನೊಬೆಲ್ ಪಟ್ಟಿ ಎಲ್ಲ ಉರು ಹೊಡೆದೆ. ಒಂದು ಆನ್‌ಲೈನ್ ಕೋರ್ಸಿಗೂ ದುಡ್ಡು ಕಟ್ಟಿದೆ. ಅದರಲ್ಲಿ ಸಿಕ್ಕಿದ್ದು ಅದೇ ಇಯರ್‌ಬುಕ್‌ನ ಪುಟಗಳು, ಬಣ್ಣ ಬಳಿದು ಕೊಟ್ಟಿದ್ದರು ಅಷ್ಟೆ. ಪುಸ್ತಕ, ಕೋರ್ಸು, ಪ್ರವೇಶ ಶುಲ್ಕ, ಓಡಾಟ ಎಲ್ಲ ಸೇರಿಸಿದರೆ ಹತ್ತಿರ ಹತ್ತಿರ ಎರಡು ತಿಂಗಳ ಸಂಬಳ ಹೋಯಿತು. ಬಂದದ್ದು ಎರಡು ಸರ್ಟಿಫಿಕೇಟು.

ಕಣ್ಣು ತೆರೆಸಿದ್ದು ಒಂದು ತಪ್ಪು ಉತ್ತರ. "ಕ್ಯಾನರಿ ದ್ವೀಪಗಳಿಗೆ ಯಾವ ಪ್ರಾಣಿಯಿಂದ ಆ ಹೆಸರು ಬಂತು?" ಬಜರ್ ಒತ್ತಿ ಕ್ಯಾನರಿ ಹಕ್ಕಿ ಅಂದೆ. ಸರಿ ಉತ್ತರ ನಾಯಿ. ಲ್ಯಾಟಿನ್‌ನಲ್ಲಿ ಕ್ಯಾನಿಸ್ ಅಂದರೆ ನಾಯಿ, ಹಕ್ಕಿಗೇ ದ್ವೀಪದ ಹೆಸರು ಬಂದಿದ್ದು. ಆ ದ್ವೀಪಗಳಿಗೆ ಎರಡು ರಾಜಧಾನಿ ಇರುವುದು ನನಗೆ ಬಾಯಿಪಾಠ ಇತ್ತು, ಹೆಸರು ಯಾಕೆ ಬಂತು ಅಂತ ಮಾತ್ರ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅವತ್ತೇ ಪಟ್ಟಿಗಳನ್ನೆಲ್ಲ ಮುಚ್ಚಿಟ್ಟೆ.

ನಂತರ ಚೀಟಿ ಶುರು ಮಾಡಿದೆ. ಫ್ಲಾಶ್‌ಕಾರ್ಡ್ ಅಂದರೆ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ; ನನ್ನದು ಅಂಥ ಕಾರ್ಡ್ ಅಲ್ಲ. ಒಂದು ಚೀಟಿಗೆ ಒಂದೇ ಪದ, ಅದರ ಸುತ್ತ ಬೇರೆ ಬೇರೆ ವಿಷಯದ ಎಳೆಗಳು. ಕಲೆ, ಇತಿಹಾಸ, ಪ್ರಕೃತಿ, ಭಾಷೆ, ಇವುಗಳಲ್ಲಿ ಕನಿಷ್ಠ ಮೂರು ಕಡೆಯಿಂದ ಎಳೆ ಬರದಿದ್ದರೆ ಆ ಚೀಟಿ ನನ್ನ ಡಬ್ಬಿಗೆ ಸೇರುವುದಿಲ್ಲ.

ತಾಮ್ರದ ಚೀಟಿಯನ್ನೇ ನೋಡಿ. ಆಕ್ಟೋಪಸ್ ರಕ್ತ ನೀಲಿ, ಯಾಕೆಂದರೆ ಅದರಲ್ಲಿ ಆಮ್ಲಜನಕ ಹೊರುವ ಹೀಮೋಸಯನಿನ್‌ನಲ್ಲಿ ತಾಮ್ರ ಇದೆ. ನಮ್ಮ ರಕ್ತದಲ್ಲಿ ಆ ಜಾಗದಲ್ಲಿ ಕಬ್ಬಿಣ. ಲಿಬರ್ಟಿ ಪ್ರತಿಮೆ ಹಸಿರಾಗಿರುವುದೂ ತಾಮ್ರದಿಂದಲೇ. 1886ರಲ್ಲಿ ಅನಾವರಣ ಆದಾಗ ಅದು ತಾಮ್ರದ ಬಣ್ಣದಲ್ಲೇ ಇತ್ತು, ಒಳಗಿನ ಕಬ್ಬಿಣದ ಚೌಕಟ್ಟು ಐಫೆಲ್ ಟವರ್ ಖ್ಯಾತಿಯ ಎಂಜಿನಿಯರ್ ಐಫೆಲ್‌ದು. ತಾಮ್ರದ ಗುರುತು Cu ಅಲ್ವಾ, ಅದು ಲ್ಯಾಟಿನ್‌ನ ಕುಪ್ರಮ್, ಆ ಪದದ ಮೂಲ ಸೈಪ್ರಸ್ ದ್ವೀಪ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕಿದ ಓಟ್ಜಿ, ಸುಮಾರು 5,300 ವರ್ಷ ಹಿಂದಿನ ಮನುಷ್ಯ, ಅವನ ಕೊಡಲಿಯ ಅಲಗೂ ತಾಮ್ರದ್ದೇ. ಇಷ್ಟೂ ಒಂದೇ ಚೀಟಿಯಲ್ಲಿದೆ. ಒಂದು ಎಳೆ ಎಳೆದರೆ ಉಳಿದದ್ದೆಲ್ಲ ತಾನಾಗೇ ಬರುತ್ತದೆ.

ಕ್ಯಾಲೆಂಡರ್ ಚೀಟಿ ನನಗೆ ಇನ್ನೂ ಇಷ್ಟ. 1582ರಲ್ಲಿ ಈಗ ನಾವು ಬಳಸುವ ಹೊಸ ಕ್ಯಾಲೆಂಡರ್ ಬಂದಾಗ ಅಕ್ಟೋಬರ್ 4ರ ಮಾರನೇ ದಿನವೇ 15 ಆಯಿತು. ಸ್ಪೇನ್ ಆಗಲೇ ಬದಲಾಯಿತು, ಇಂಗ್ಲೆಂಡ್ 1752ರವರೆಗೂ ಹಳೆಯದನ್ನೇ ಹಿಡಿದುಕೊಂಡಿತ್ತು. ಅದಕ್ಕೇ ಇಂಗ್ಲೆಂಡಿನ ಶೇಕ್ಸ್‌ಪಿಯರ್, ಸ್ಪೇನಿನ ಲೇಖಕ ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದು ಒಂದೇ ದಿನ ತೀರಿಕೊಂಡರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರಷ್ಯಾ ಬದಲಾಗಿದ್ದು 1918ರಲ್ಲಿ, ಹಾಗಾಗಿ ಅಲ್ಲಿನ 1917ರ ಅಕ್ಟೋಬರ್ ಕ್ರಾಂತಿ ನಮ್ಮ ಲೆಕ್ಕಕ್ಕೆ ನವೆಂಬರ್ 7.

ಈ ದಾರಿಯಲ್ಲೂ ಪೆಟ್ಟು ತಿಂದಿದ್ದೇನೆ. ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಅಂತ ಎಲ್ಲೋ ಓದಿ ಚೀಟಿಗೆ ಬರೆದುಕೊಂಡಿದ್ದೆ. ಅದು ಸುಳ್ಳು. ನೆಗೆಟಿವ್ ಅಂಕದ ಸುತ್ತಿನಲ್ಲಿ ಅದನ್ನೇ ನಂಬಿ ಉತ್ತರ ಕೊಟ್ಟು ಬಹುಮಾನದ ದುಡ್ಡು ಕಳೆದುಕೊಂಡೆವು. ಮನೆಗೆ ಬಂದು ಎಲ್ಲ ಚೀಟಿ ಮತ್ತೆ ತಪಾಸಣೆ ಮಾಡಿದೆ, ಸುಮಾರು ನಾನೂರರಲ್ಲಿ ಮೂವತ್ತರಷ್ಟು ಹರಿದು ಹಾಕಿದೆ. ಎರಡು ಕಡೆ ನೋಡದೆ ಈಗ ಏನೂ ಬರೆಯಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ನನ್ನ ದನಿಯನ್ನೇ ರೆಕಾರ್ಡ್ ಮಾಡಿ ನಿದ್ದೆಯಲ್ಲಿ ಕೇಳಿಸಿಕೊಂಡೆ, ಹತ್ತು ದಿನ ನಿದ್ದೆ ಕೆಟ್ಟಿತು, ಒಂದು ಉತ್ತರವೂ ಹೆಚ್ಚಾಗಲಿಲ್ಲ. ಮನೆಯ ಕೋಣೆಗಳಲ್ಲಿ ಸಂಗತಿಗಳನ್ನು ಮನಸ್ಸಿನಲ್ಲೇ ಜೋಡಿಸಿಡುವ ಉಪಾಯ ಕ್ರಮವಾಗಿ ಹೇಳಬೇಕಾದ ಪಟ್ಟಿಗೆ ಚೆನ್ನಾಗಿದೆ, ಬಜರ್ ಸುತ್ತಿಗೆ ತುಂಬಾ ನಿಧಾನ. ಬಾಗಿಲಿನಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಪಕ್ಕದ ತಂಡ ಉತ್ತರ ಹೇಳಿಬಿಟ್ಟಿರುತ್ತದೆ.

ಕ್ವಿಜ್‌ಗೆ ಎರಡು ದಿನ ಇರುವಾಗ ಯಾವ ಚೀಟಿ ತೆಗೆಯಬೇಕು ಅಂತ ಆರಿಸುವುದಕ್ಕೆ ನನ್ನದೇ ಒಂದು ವಿಧಾನ ಇದೆ. ಅದನ್ನು ಸದ್ಯಕ್ಕೆ ಹೇಳಲ್ಲ, ಮುಂದಿನ ತಿಂಗಳು ಇನ್ನೊಂದು ಫೈನಲ್ ಇದೆ.

ನಾವು ಗೆದ್ದ ಮೊದಲ ಫೈನಲ್‌ನಲ್ಲಿ ಕೊನೆಯದು ಕನೆಕ್ಟ್ ಪ್ರಶ್ನೆ, ಐದು ಚಿತ್ರ, ಎಲ್ಲವನ್ನೂ ಜೋಡಿಸುವ ಒಂದೇ ವಿಷಯ ಹೇಳಬೇಕು. ಮೊದಲನೆಯದರಲ್ಲಿ ಪ್ರಯೋಗಾಲಯದ ಮೇಜಿನ ಮೇಲೆ ಸಾಲಾಗಿ ಕಟ್ಟಿಟ್ಟ ಹಾರ್ಸ್‌ಶೂ ಏಡಿಗಳು, ಕೆಳಗಿನ ಬಾಟಲಿಗಳಲ್ಲಿ ತಿಳಿ ನೀಲಿ ದ್ರವ. ಎರಡನೆಯದು ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪದ ನಕ್ಷೆ. ಬಜರ್ ಒತ್ತಿದೆ. "ಇನ್ನೂ ಮೂರು ಚಿತ್ರ ಇದೆ ಮಾರಾಯ, ತಡಿ" ಅಂತ ಪಕ್ಕದವನು ಕೈ ಹಿಡಿದುಕೊಂಡ. ತಾಮ್ರ ಅಂದೆ. ನೀಲಿ ರಕ್ತ, ಸೈಪ್ರಸ್, ಎರಡೂ ಎಳೆ ನನ್ನ ಚೀಟಿಯಲ್ಲೇ ಇದ್ದವು. ಅವನ ಮುಖ ಇನ್ನೂ ಕಣ್ಣ ಮುಂದಿದೆ. ಎರಡು ತಿಂಗಳ ಸಂಬಳದಲ್ಲಿ ಮುಕ್ಕಾಲು ಪಾಲು ಅವತ್ತೇ ವಾಪಸ್ ಬಂತು.

ಈಗ ಸಂಗೀತದಲ್ಲಿ ನಾವು ಸ್ವಲ್ಪ ಹಿಂದೆ ಇದ್ದೇವೆ. ಅದಕ್ಕೆ ಇಟಾಲಿಯನ್ ಭಾಷೆಯ ಚೀಟಿ ಕಟ್ಟುತ್ತಿದ್ದೇನೆ. ಪಿಯಾನೋಫೋರ್ಟೆ ಅಂದರೆ ಮೆಲ್ಲಗೆ–ಜೋರಾಗಿ, ಮಲೇರಿಯಾ ಅಂದರೆ ಕೆಟ್ಟ ಗಾಳಿ, ಕ್ವಾರಂಟೈನ್ ಹಿಂದೆ ನಲವತ್ತು ದಿನದ ಲೆಕ್ಕ. ಸದ್ಯಕ್ಕೆ ಹನ್ನೊಂದು ಎಳೆ ಆಗಿದೆ, ಒಪೇರಾದ ಮೂಲೆ ಇನ್ನೂ ಖಾಲಿ.