ಒಟ್ಟಾವಾದ ಹಿಮದಲ್ಲಿ ಕಾರು ನಿಲ್ಲಿಸುವುದು

ಹಿಮದಲ್ಲಿ ಕಾರು ಹೊರಡಿಸೋಕೆ ನನಗೆ ಅಷ್ಟೇನೂ ಕಷ್ಟ ಆಗಲಿಲ್ಲ. ಕಷ್ಟ ಆದದ್ದು ನಿಲ್ಲಿಸುವಾಗ.

ಹಾಸನದಿಂದ ಕೆನಡಾದ ಒಟ್ಟಾವಾಕ್ಕೆ ಬಂದ ಮೊದಲ ವರ್ಷ. ಕೊಂಡ ಹಳೇ ಹೋಂಡಾ ಸಿವಿಕ್ ಕಾರಿನಲ್ಲಿ ಆಲ್-ಸೀಸನ್ ಟೈರು ಇದ್ದವು. ಹೆಸರೇ ಹಾಗಿದೆಯಲ್ಲ, ಎಲ್ಲ ಕಾಲಕ್ಕೂ ಆಗುತ್ತೆ ಅಂತ ನಂಬಿದ್ದೆ. ಡಿಸೆಂಬರಿನ ಒಂದು ಬೆಳಗ್ಗೆ ಮಗಳನ್ನು ಸ್ಕೂಲಿಗೆ ಬಿಡಲು ಹೊರಟೆ. ರಸ್ತೆಯಲ್ಲಿ ತುಳಿದು ಗಟ್ಟಿಯಾದ ಹಿಮ, ವೇಗ ಮೂವತ್ತೂ ಇರಲಿಲ್ಲ. ಸ್ಟಾಪ್ ಬೋರ್ಡಿನ ಹತ್ತಿರ ಬ್ರೇಕ್ ಒತ್ತಿದೆ. ಪೆಡಲ್ ಕಾಲಿನ ಕೆಳಗೆ ಗಡಗಡ ಅಂತ ನಡುಗಿತು, ಕಾರು ಮಾತ್ರ ಮೆಲ್ಲಗೆ ಜಾರುತ್ತಾ ಗೆರೆ ದಾಟಿ, ಅಡ್ಡರಸ್ತೆಯ ನಡುವೆ ಹೋಗಿ ನಿಂತಿತು. ಯಾರೂ ಬರಲಿಲ್ಲ, ಪುಣ್ಯ. ಹಿಂದಿನ ಸೀಟಿನಿಂದ ಮಗಳು ಕೇಳಿದಳು, "ಅಪ್ಪಾ, ಅಲ್ಲಿ ಸ್ಟಾಪ್ ಇತ್ತಲ್ವಾ?"

ಅದೇ ವಾರ ಚಳಿಗಾಲದ ಟೈರು ತಂದೆ. ಬೇರೆ ಸ್ಟೀಲ್ ರಿಮ್‌ಗೆ ಹಾಕಿಸಿಯೇ ತಂದಿದ್ದರಿಂದ ಬದಲಿಸುವ ಕೆಲಸ ಮನೆಯಲ್ಲೇ ಆಯಿತು. ಬದಲಿಸುವ ಮುಂಚೆ ಒಂದು ಪರೀಕ್ಷೆ ಮಾಡಿಬಿಡೋಣ ಅನ್ನಿಸಿತು. ಭಾನುವಾರ ಬೆಳಗ್ಗೆ, ಮೈನಸ್ 15 ಡಿಗ್ರಿ, ಖಾಲಿ ಪಾರ್ಕಿಂಗ್ ಜಾಗ. 40 ಕಿ.ಮೀ. ವೇಗದಲ್ಲಿ ಬಂದು, ಒಂದು ದೀಪದ ಕಂಬದ ಎದುರು ಪೂರ್ತಿ ಬ್ರೇಕ್ ಒತ್ತಿದೆ. ಇಳಿದು ಎಣಿಸಿದರೆ ಕಂಬದಿಂದ 35 ಹೆಜ್ಜೆ. ಮನೆಗೆ ಬಂದು ನಾಲ್ಕೂ ಟೈರು ಬದಲಿಸಿ, ಮತ್ತೆ ಅಲ್ಲಿಗೇ ಹೋದೆ. ಈ ಸಲ 25 ಹೆಜ್ಜೆ. ಅದೇ ಕಾರು, ಅದೇ ಹಿಮ, ಅದೇ ಕಾಲು. ಆ ಹತ್ತು ಹೆಜ್ಜೆಯಲ್ಲಿ ಒಂದು ಅಡ್ಡರಸ್ತೆಯೇ ಹಿಡಿಸುತ್ತದೆ.

ಯಾಕೆ ಹೀಗೆ ಅನ್ನೋದು ಟೈರು ಬದಲಿಸುವಾಗಲೇ ಕೈಗೆ ತಿಳಿದಿತ್ತು. ನಮ್ಮ ಕಡೆ ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂತುಬಿಡುತ್ತಲ್ಲ, ಬಿಸಿಲಿಗೆ ಇಟ್ಟರೇ ಇಳಿಯೋದು. ಆಲ್-ಸೀಸನ್ ಟೈರಿನ ರಬ್ಬರಿಗೂ ಚಳಿ ಅಂದರೆ ಹಾಗೇ. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದರೆ ಬಿಗಿಯಾಗುತ್ತಾ ಹೋಗುತ್ತದೆ. ಅಂದು ಹೆಬ್ಬೆರಳ ಉಗುರು ಒತ್ತಿದರೆ ಹಳೇ ಟೈರು ಚೂರೂ ಬಗ್ಗಲಿಲ್ಲ. ಹೊಸದರಲ್ಲಿ ಉಗುರಿನ ಗುರುತು ಮೂಡಿ ಮಾಯವಾಯಿತು. ಅಂದರೆ ಹಿಮ ಬೀಳದ ಒಣ ರಸ್ತೆಯಲ್ಲೂ ಬರೀ ಚಳಿಗೇ ಹಿಡಿತ ಕಡಿಮೆ ಆಗುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ.

ಇನ್ನೊಂದು ವಿಷಯ. ಚಳಿಗಾಲದ ಟೈರಿನ ಮೈ ತುಂಬಾ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸಣ್ಣ ಸೀಳುಗಳು. ಕೆಸರುಗದ್ದೆಯ ಟ್ರ್ಯಾಕ್ಟರ್ ಟೈರು ಮಣ್ಣನ್ನು ಹೊರಗೆ ಎಸೆಯಬೇಕು, ಇಲ್ಲದಿದ್ದರೆ ಹೂತುಕೊಳ್ಳುತ್ತದೆ. ಹಿಮದ ಟೈರಿನ ಕೆಲಸ ಉಲ್ಟಾ. ಅದು ಸ್ವಲ್ಪ ಹಿಮವನ್ನು ತನ್ನ ಸಂದಿಯಲ್ಲೇ ಹಿಡಿದಿಟ್ಟುಕೊಳ್ಳಬೇಕು. ಮಕ್ಕಳು ಉಂಡೆ ಕಟ್ಟುವಾಗ ನೋಡಿ, ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುತ್ತದೆ.

"ನಂದು ಆಲ್-ವೀಲ್ ಡ್ರೈವ್, ನನಗೆ ಬೇಡ" ಅನ್ನೋರು ಆಫೀಸಿನಲ್ಲಿ ತುಂಬಾ ಜನ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಕ್ಕಿದರೆ ಹೊರಡೋಕೆ ಅನುಕೂಲ, ನಿಜ. ಆದರೆ ಬ್ರೇಕು ಎಲ್ಲ ಕಾರಿಗೂ ನಾಲ್ಕೂ ಚಕ್ರಕ್ಕೆ ಇರುತ್ತದಲ್ಲ? ನಿಲ್ಲಿಸೋದು ಟೈರೇ. ದಯವಿಟ್ಟು ಈ ಒಂದು ಮಾತು ನಂಬಿ.

ಹಾಗಂತ ಗಾಜಿನಂಥ ಮಂಜುಗಡ್ಡೆ ಮೇಲೆ ಯಾವ ಟೈರೂ ಪವಾಡ ಮಾಡಲ್ಲ. ಬೇಸಿಗೆಯಲ್ಲಿ ಚಳಿಗಾಲದ ಟೈರು ಇಟ್ಟುಕೊಂಡರೆ ಮೆತ್ತಗಿನ ರಬ್ಬರು ಬೇಗ ಸವೆಯುತ್ತದೆ, ಬ್ರೇಕಿನ ದೂರವೂ ಜಾಸ್ತಿ. ನಾನು ಏಪ್ರಿಲ್ ಕೊನೆಗೆ ತೆಗೆದುಬಿಡುತ್ತೇನೆ. ಎರಡು ಸೆಟ್ ಅಂದರೆ ದುಬಾರಿ ಅನ್ನಿಸುತ್ತದೆ, ಆದರೆ ಒಂದು ಓಡುವಾಗ ಇನ್ನೊಂದು ಸುಮ್ನೆ ಕೂತಿರುತ್ತದೆ, ಎರಡೂ ಜಾಸ್ತಿ ವರ್ಷ ಬರುತ್ತವೆ. ಒಟ್ಟಾವಾ ಇರುವ ಒಂಟಾರಿಯೋ ಪ್ರಾಂತ್ಯದಲ್ಲಿ ಚಳಿಗಾಲದ ಟೈರು ಹಾಕಿದರೆ 2016ರಿಂದ ಇನ್ಶೂರೆನ್ಸ್‌ನಲ್ಲಿ ರಿಯಾಯಿತಿಯೂ ಉಂಟು, ಕೇಳಿ ಪಡೆಯಿರಿ. ಹೊಳೆಯ ಆಚೆ ಕ್ವಿಬೆಕ್ ಪ್ರಾಂತ್ಯದಲ್ಲಿ ಅಲ್ಲಿಯ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಈ ಟೈರು ಕಡ್ಡಾಯ. ಎರಡು ಸೆಟ್ ಇಡೋಕೆ ಜಾಗ ಇಲ್ಲದವರಿಗೆ ಆಲ್-ವೆದರ್ ಅಂತ, ವರ್ಷವಿಡೀ ಬಿಚ್ಚದೆ ಇಟ್ಟುಕೊಳ್ಳಬಹುದಾದ ಬೇರೆ ಜಾತಿ ಇದೆ. ಯಾವುದೇ ಕೊಂಡರೂ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವಿನ ಗುರುತು ಇದೆಯಾ ನೋಡಿ. ಬರೀ ಎಂ ಪ್ಲಸ್ ಎಸ್ (M+S, ಅಂದರೆ ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಸಾಲದು.

ದುಡ್ಡು ಉಳಿಸಲು ಮುಂದಿನ ಎರಡು ಚಕ್ರಕ್ಕೆ ಮಾತ್ರ ಹಾಕಬೇಡಿ, ತಿರುವಿನಲ್ಲಿ ಹಿಂಭಾಗ ಬೀಸಿಬಿಡುತ್ತದೆ. ಉಷ್ಣಾಂಶ ಆರು ಡಿಗ್ರಿ ಇಳಿದರೆ ಟೈರಿನ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ ಕಡಿಮೆ ಆಗುತ್ತದೆ, ಅದಕ್ಕೇ ಚಳಿ ಶುರುವಾದಾಗ ಗಾಳಿ ನೋಡಬೇಕು. ನೂರು ಕಿ.ಮೀ. ಓಡಿದ ಮೇಲೆ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್) ಇನ್ನೊಮ್ಮೆ ಬಿಗಿ ನೋಡಬೇಕು. ಬಿಚ್ಚಿದ ಟೈರಿನ ಮೇಲೆ ಅದು ಎಲ್ಲಿತ್ತು ಅಂತ ಚಾಕ್‌ಪೀಸಿನಲ್ಲಿ ಬರೆದಿಡುತ್ತೇನೆ. ಮುಂದಿನವು ಜಾಸ್ತಿ ಸವೆಯುತ್ತವೆ, ಬರುವ ಸಲ ಅವು ಹಿಂದಕ್ಕೆ. ಈಗ ಬರೆಯುವ ಕೆಲಸ ಮಗಳದ್ದು. ಗ್ಯಾರೇಜಿನ ಮೂಲೆಯಲ್ಲಿ ಪೇರಿಸಿಟ್ಟ ಟೈರುಗಳ ಮೇಲೆ ಅವಳ ದುಂಡಗಿನ ಅಕ್ಷರ: "ಮುಂದೆ ಎಡ", "ಹಿಂದೆ ಬಲ".