ಕೋರ್ ಎಷ್ಟು, ಓಟ ಎಷ್ಟು: ಲ್ಯಾಪ್‌ಟಾಪ್ ಕೊಳ್ಳುವ ಮೊದಲು ನಾನು ನೋಡಿದ್ದು

ರಾಯಚೂರಿನಲ್ಲಿ ಮನೆ ಪ್ಲ್ಯಾನ್ ಹಾಕಿಕೊಡುವುದು ನನ್ನ ಕೆಲಸ. ದಿನದ ಬಹುಪಾಲು ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲೇ ಕಳೆಯುತ್ತದೆ. ಪ್ಲ್ಯಾನ್ ಒಪ್ಪಿಗೆಯಾದ ಮೇಲೆ ಗಿರಾಕಿಗಳು ಎಲಿವೇಷನ್, ಅಂದರೆ ಮನೆ ಎದುರಿನಿಂದ ಕಾಣುವ ಚಿತ್ರ, ಕೇಳುತ್ತಾರೆ. ಅದನ್ನು 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ರೆಂಡರ್ ಮಾಡಿ, ಅಂದರೆ ಮಾದರಿಯಿಂದ ಫೋಟೊದಂಥ ಚಿತ್ರ ತೆಗೆದು, ಕೊಡುತ್ತೇನೆ. ಹೊಸ ಲ್ಯಾಪ್‌ಟಾಪ್ ಬೇಕು ಅಂದಾಗ ಹೋದ ಕಡೆಯೆಲ್ಲಾ ಒಂದೇ ಮಾತು: "ಇದು 10 ಕೋರ್ ಐತ್ರಿ ಸರ್, ಇದನ್ನೇ ತಗೋರಿ." ಕೋರ್ ಅಂದರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಒಂದೊಂದು ಘಟಕ. ಕೊಳ್ಳುವುದಕ್ಕೆ ಮುಂಚೆ ನನ್ನ ಕೆಲಸಕ್ಕೆ ಎಷ್ಟು ಕೋರ್ ಬೇಕು ಅಂತ ಹಳೇ ಲ್ಯಾಪ್‌ಟಾಪಿನಲ್ಲೇ ನೋಡಿಕೊಂಡೆ.

ನೋಡೋದು ಸುಲಭ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ಗೆ ಹೋಗಿ. ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ 'ಚೇಂಜ್ ಗ್ರಾಫ್ ಟು' ಒಳಗೆ 'ಲಾಜಿಕಲ್ ಪ್ರೊಸೆಸರ್ಸ್' ಆರಿಸಿ. ದೊಡ್ಡ ಗ್ರಾಫ್ ಒಡೆದು ಸಣ್ಣ ಸಣ್ಣ ಚೌಕ ಆಗುತ್ತದೆ. ನನ್ನದು 4 ಕೋರ್, 8 ಥ್ರೆಡ್ (ಒಂದೊಂದು ಕೋರ್ ಒಟ್ಟಿಗೆ ಎರಡು ಕೆಲಸದ ಸಾಲು ಹಿಡಿಯುತ್ತದೆ), ಹಾಗಾಗಿ 8 ಚೌಕ. ಕಂಟೂರ್ ಗೆರೆ, ಹ್ಯಾಚ್ ಎಲ್ಲಾ ತುಂಬಿಕೊಂಡಿದ್ದ ಒಂದು ದೊಡ್ಡ ಲೇಔಟ್ ಡ್ರಾಯಿಂಗ್ ತೆರೆದು, ಒಂದರ ಮೇಲೊಂದು ಬಿದ್ದ ಗೆರೆ ತೆಗೆಯುವ ಓವರ್‌ಕಿಲ್ ಕಮಾಂಡ್ ಕೊಟ್ಟೆ. ಆಟೋಕ್ಯಾಡ್ ಅಲ್ಲಾಡದೆ ನಿಂತಿತು. ಆದರೆ ಒಟ್ಟು ಸಿಪಿಯು ಬಳಕೆ ಸುಮಾರು ಶೇ 13 ಅಷ್ಟೇ. 100ನ್ನು 8ರಿಂದ ಭಾಗಿಸಿದರೆ 12.5 ಅಲ್ವಾ? ಅಂದರೆ ಒಂದೇ ಒಂದು ಥ್ರೆಡ್ ಪೂರ್ತಿ ದುಡಿಯುತ್ತಿದೆ, ಉಳಿದವು ಸುಮ್ನೆ ಕೂತಿವೆ. ವಿಂಡೋಸ್ ಆ ಕೆಲಸವನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ದಾಟಿಸುತ್ತಿರುತ್ತದೆ, ಹಾಗಾಗಿ ಎರಡು ಮೂರು ಚೌಕ ಅರ್ಧರ್ಧ ಏರಿದಂತೆ ಕಾಣಬಹುದು. ಒಟ್ಟು ಲೆಕ್ಕ ಹಿಡಿದರೆ ಗೊಂದಲ ಇಲ್ಲ.

ಡ್ರಾಯಿಂಗನ್ನು ತೆರೆ ಮೇಲೆ ಮತ್ತೆ ಬಿಡಿಸುವ ರೀಜೆನ್‌ನಂಥ ಕೆಲವು ಕಡೆ ಆಟೋಕ್ಯಾಡ್ ಹೆಚ್ಚು ಕೋರ್ ಬಳಸುತ್ತದೆ. ಉಳಿದ ಬಹುತೇಕ ಕೆಲಸ ಒಂದೇ ಕೋರ್ ಮೇಲೆ. ಒಂದು ಬಾಗಿಲು ಕೂರಿಸೋಕೆ ಹತ್ತು ಬಡಗಿಗಳನ್ನು ಕರೆಸಿದರೂ ಕೈ ಇಡಲು ಜಾಗ ಇರುವುದು ಒಬ್ಬನಿಗೋ ಇಬ್ಬರಿಗೋ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಇದನ್ನು ಹೇಳಿದ್ದರು. ಕೆಲಸದ ಅರ್ಧ ಭಾಗ ಹಂಚಲು ಬಾರದಿದ್ದರೆ, ಎಷ್ಟೇ ಕೋರ್ ಹಾಕಿದರೂ ಓಟ ಎರಡು ಪಟ್ಟು ದಾಟುವುದಿಲ್ಲ.

ಆಮೇಲೆ ಬ್ಲೆಂಡರ್ ತೆರೆದು ಎಲಿವೇಷನ್ ರೆಂಡರ್‌ಗೆ ಹಾಕಿದೆ. ಎಂಟೂ ಚೌಕ ಒಮ್ಮೆಗೇ ತುಂಬಿದವು. ಇಲ್ಲಿ ಕೋರ್ ಜಾಸ್ತಿ ಇದ್ದಷ್ಟೂ ಲಾಭ. ನನಗೆ ಒಂಟಿ ಕೋರ್‌ನ ವೇಗ, ಹೆಚ್ಚು ಕೋರ್ ಎರಡೂ ಬೇಕು ಅಂತಾಯಿತು.

ಪರಿಚಯದ ಇಬ್ಬರು ಎಂಜಿನಿಯರುಗಳ ಆಫೀಸಿನಲ್ಲಿ ಹೊಸ ಲ್ಯಾಪ್‌ಟಾಪ್ ಇದ್ದವು. ಒಂದರಲ್ಲಿ ಇಂಟೆಲ್ ಕಂಪನಿಯ ಐ5-1235ಯು ಚಿಪ್, ಇನ್ನೊಂದರಲ್ಲಿ ಐ5-12450ಎಚ್. ಎರಡರ ಗರಿಷ್ಠ ವೇಗವೂ 4.4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 440 ಕೋಟಿ ಬಡಿತ. ಮೊದಲನೆಯದು 10 ಕೋರ್, ಎರಡನೆಯದು 8. ಪೆನ್‌ಡ್ರೈವ್‌ನಲ್ಲಿ ಅದೇ ಡ್ರಾಯಿಂಗ್, ಅದೇ ರೆಂಡರ್ ಫೈಲ್ ಹಾಕಿಕೊಂಡು ಹೋದೆ. ಆಟೋಕ್ಯಾಡ್‌ನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ರೆಂಡರ್‌ನಲ್ಲಿ 8 ಕೋರ್‌ನದು ಸಲೀಸಾಗಿ ಮುಂದೆ ಹೋಯಿತು.

ಕಾರಣ ಎರಡು. 1235ಯು ಒಳಗಿನ 10ರಲ್ಲಿ ದೊಡ್ಡ ಕೋರ್ 2 ಮಾತ್ರ, ಉಳಿದ 8 ಕಡಿಮೆ ಕರೆಂಟಿನಲ್ಲಿ ನಡೆಯುವ ಸಣ್ಣ ಕೋರ್. 12450ಎಚ್‌ನಲ್ಲಿ 4 ದೊಡ್ಡವು, 4 ಸಣ್ಣವು. ಇನ್ನೊಂದು ವ್ಯಾಟ್ ಲೆಕ್ಕ. 1235ಯುಗೆ ಇಂಟೆಲ್ ಇಟ್ಟ ಮೂಲ ವಿದ್ಯುತ್ ಮಿತಿ 15 ವ್ಯಾಟ್, 12450ಎಚ್‌ಗೆ 45. ಡಬ್ಬಿ ಮೇಲಿನ 4.4 ಸಿಗುವುದು ಒಂದೆರಡು ಕೋರ್ ಓಡುವಾಗ. ಎಲ್ಲಾ ಕೋರ್ ಒಟ್ಟಿಗೆ ಎದ್ದರೆ ಅಷ್ಟೇ ವ್ಯಾಟನ್ನು ಹಂಚಿಕೊಳ್ಳಬೇಕು, ವೇಗ ಇಳಿಯಲೇಬೇಕು. ಅಂಗಡಿಯಲ್ಲಿ ವ್ಯಾಟ್ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನನ್ನ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಗಿಗಾಹರ್ಟ್ಸ್ ಒಂದನ್ನೇ ನಂಬಲೂ ಬಾರದು. ಪೆಂಟಿಯಂ 4 ಚಿಪ್ 2004ರಲ್ಲೇ 3.8 ಗಿಗಾಹರ್ಟ್ಸ್ ಮುಟ್ಟಿತ್ತು. ಅದಕ್ಕೂ ಈಗಿನದಕ್ಕೂ ಹೋಲಿಕೆಯೇ ಇಲ್ಲ, ಯಾಕಂದರೆ ಒಂದೊಂದು ಬಡಿತಕ್ಕೆ ಈಗಿನ ಕೋರ್ ಮಾಡುವ ಕೆಲಸ ಬಹಳ ಜಾಸ್ತಿ. ಹೆಸರನ್ನೂ ನಂಬಬೇಡಿ: ಎಎಂಡಿ ಕಂಪನಿಯ ರೈಜನ್ 5 7520ಯು ಚಿಪ್‌ನ ಹೆಸರಲ್ಲಿ 7000 ಸರಣಿ ಇದೆ, ಒಳಗಿರುವುದು 2019ರಲ್ಲಿ ಬಂದ ಜೆನ್ 2 ವಿನ್ಯಾಸದ 4 ಕೋರ್. ಮಾದರಿ ಸಂಖ್ಯೆ ಪೂರ್ತಿ ಬರೆದುಕೊಂಡು ಬಂದು ಮನೆಯಲ್ಲಿ ಕೂತು ನೋಡಿ.

ನಾನು ಹೆಸರಿನ ಕೊನೆಗೆ ಎಚ್ ಇರುವ ಸರಣಿಯದನ್ನೇ ತಗೊಂಡೆ. ದಪ್ಪ ಇದೆ, ಫ್ಯಾನ್ ಸದ್ದೂ ಇದೆ. ಆದರೆ ನಮ್ಮೂರ ಬಿಸಿಲಿಗೆ ಆ ಫ್ಯಾನ್ ಬೇಕೇ ಬೇಕು. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಚಿಪ್ 100 ಡಿಗ್ರಿ ಹತ್ತಿರ ಹೋದರೆ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಮಧ್ಯಾಹ್ನ ರೆಂಡರ್ ಹಾಕಿ ಟಾಸ್ಕ್ ಮ್ಯಾನೇಜರ್‌ನಲ್ಲಿ 'ಸ್ಪೀಡ್' ಅಂಕಿ ನೋಡುತ್ತಾ ಕೂತರೆ ಅದು ಮೆಲ್ಲಗೆ ಕೆಳಗಿಳಿಯುವುದು ಕಣ್ಣಿಗೇ ಕಾಣುತ್ತದೆ. ಲ್ಯಾಪ್‌ಟಾಪ್ ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಇಟ್ಟರೆ ಇಳಿತ ಕಮ್ಮಿ. ದೊಡ್ಡ ರೆಂಡರ್‌ಗಳನ್ನು ರಾತ್ರಿಗೇ ಇಟ್ಟುಕೊಳ್ಳುತ್ತೇನೆ.

ಕರೆಂಟ್ ಹೋದಾಗಿನ ಸಂಗತಿಯೂ ಗೊತ್ತಿರಲಿ. ಬ್ಯಾಟರಿ ಮೇಲೆ ಹೋದ ತಕ್ಷಣ ನನ್ನ ಲ್ಯಾಪ್‌ಟಾಪ್ ವ್ಯಾಟ್ ತಗ್ಗಿಸುತ್ತದೆ, ರೆಂಡರ್ ತೆವಳುತ್ತದೆ. ಚಾರ್ಜರನ್ನು ಮನೆಯ ಯುಪಿಎಸ್ ಲೈನಿಗೆ ಹಾಕಿಸಿದ ಮೇಲೆ ಆ ತೊಂದರೆ ಇಲ್ಲ.