ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಉಳಿದ ಸಂದು

ಲೋಟಸ್ ಸೆವೆನ್ (ಪುಟ್ಟ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಮಾದರಿಯ ಕಿಟ್ ಕಾರಿನಲ್ಲಿ, ಅಂದರೆ ಬಿಡಿಭಾಗ ತಂದು ನಾವೇ ಜೋಡಿಸುವ ಕಾರಿನಲ್ಲಿ, ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಹೊರಗೇ ಜೋಡಿಸಿ ಒಟ್ಟಿಗೆ ಇಳಿಸುವುದು ವಾಸಿ. ಗೇರ್‌ಬಾಕ್ಸ್ ಕೂರುವ ಟನಲ್ (ಸೀಟುಗಳ ನಡುವಿನ ಉದ್ದನೆಯ ಗೂಡು) ಕಿರಿದು, ಒಳಗೆ ಕೈ ಆಡುವುದಿಲ್ಲ. ನನ್ನ ಕೆಲಸ ನಿಂತದ್ದು ಆ ಜೋಡಣೆಯಲ್ಲೇ. ಬೆಲ್‌ಹೌಸಿಂಗ್ (ಗೇರ್‌ಬಾಕ್ಸಿನ ಮುಂದಿರುವ, ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚ) ಎಂಜಿನ್ ಬ್ಲಾಕಿಗೆ ಕೂರದೆ ಸುಮಾರು 10 ಮಿ.ಮೀ. ಸಂದು ಉಳಿಯಿತು.

ಇಂಥಲ್ಲಿ ಬೋಲ್ಟ್ ಬಿಗಿದು ಎಳೆಯಲೇಬಾರದು. ಬೋಲ್ಟ್ ಕೂರುವ ಅಲ್ಯೂಮಿನಿಯಂ ಕಿವಿ ಬಿರಿಯುತ್ತದೆ, ಇಲ್ಲವೇ ಕ್ಲಚ್ ಪ್ಲೇಟಿನ ಹಬ್ ಸೊಟ್ಟಗಾಗುತ್ತದೆ. ನನ್ನದರಲ್ಲಿ ಕ್ಲಚ್ ಪ್ಲೇಟ್ ನಡುಮಧ್ಯದಲ್ಲಿ ಇಲ್ಲದ್ದರಿಂದ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ತುದಿ, ಎಂಜಿನ್ ಕ್ರ್ಯಾಂಕಿನ ಹಿಂಬದಿಯಲ್ಲಿ ಅದನ್ನು ಹಿಡಿಯುವ ಪುಟ್ಟ ಸ್ಪಿಗಾಟ್ ಬೇರಿಂಗಿನೊಳಗೆ ಹೋಗದೆ ಅಂಚಿಗೆ ತಾಗಿ ನಿಂತಿತ್ತು. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಸಡಿಲಿಸಿ, ಪ್ಲೇಟನ್ನು ನಡುಮಧ್ಯಕ್ಕೆ ತರುವ ಅಲೈನ್‌ಮೆಂಟ್ ಟೂಲ್ ತೂರಿಸಿ, ಎದುರುಬದುರಾಗಿ ಅರ್ಧರ್ಧ ಸುತ್ತು ಬಿಗಿದೆ. ಟೂಲ್ ತಡೆಯಿಲ್ಲದೆ ಒಳಹೊರಗೆ ಆಡಿದರೆ ಸರಿ. ಆಮೇಲೆ ಟಾಪ್ ಗೇರಿಗೆ ಹಾಕಿ, ಔಟ್‌ಪುಟ್ ಶಾಫ್ಟನ್ನು ಮೆಲ್ಲಗೆ ತಿರುಗಿಸುತ್ತ ತಳ್ಳಿದಾಗ ಹಲ್ಲಿಗೆ ಹಲ್ಲು ಸಿಕ್ಕಿ ಕೈಬಲದಲ್ಲೇ ಕೂತಿತು.

ಇಳಿಸುವಾಗ ಕ್ರೇನಿಗೆ ಲೋಡ್ ಲೆವೆಲರ್ (ತೂಗುವ ಭಾರವನ್ನು ಓರೆ ಮಾಡುವ ಸಾಧನ) ಬೇಕೇ ಬೇಕು: ಗೇರ್‌ಬಾಕ್ಸಿನ ಬಾಲ ಕೆಳಗೆ, ಎಂಜಿನ್ನಿನ ಮೂತಿ ಮೇಲೆ. ಗೇರ್ ಆಯಿಲ್ ಮೊದಲೇ ತುಂಬಿದ್ದರೆ ಬಾಲದಿಂದ ಸುರಿದು ಟನಲ್ಲೆಲ್ಲ ನಾರುತ್ತದೆ (ಆ ವಾಸನೆ ಬೇಗ ಹೋಗುವಂಥದ್ದಲ್ಲ). ಗೇರ್‌ಬಾಕ್ಸಿನಿಂದ ಹಿಂದಿನ ಆ್ಯಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕೂತ ಮೇಲೆ ತುಂಬಿ. ಗೇರ್‌ಬಾಕ್ಸ್ ಮೌಂಟಿನ ಬೋಲ್ಟ್ ಹಿಡಿಯುವವರೆಗೆ ಎಂಜಿನ್ ಮೌಂಟುಗಳು ಕೈಬಿಗಿಯಷ್ಟೇ ಇರಲಿ.